ಮೋಸೆಲ್‌ನಲ್ಲಿ ನಿನ್ನ ಗ್ಲಾಸು

ಈರೇಶಾ,

ನೀನು ಹಾಕಿದ್ದ ಪ್ಲಾನಿನಂತೆ ಜರ್ಮನಿಯ ಮೋಸೆಲ್ ಕಣಿವೆಯ ದ್ರಾಕ್ಷಿತೋಟಗಳನ್ನು ಕೊನೆಗೂ ನೋಡಿ ಬಂದೆವು. ಒಟ್ಟು ಖರ್ಚು: ಡೆಟ್ರಾಯಿಟ್‌ನಿಂದ ಎರಡು ಟಿಕೆಟ್, ಒಂದು ಬಾಡಿಗೆ ಕಾರು ಮತ್ತು ನನ್ನ ಎಡ ಮೊಣಕಾಲು. ತೋಟಗಳೆಲ್ಲ ಗೋಡೆಗೆ ಒರಗಿಸಿದ ಏಣಿಯಷ್ಟು ಕಡಿದು. "ಇದನ್ನ ಹತ್ತಸಾಕ ನಿಮ್ಮ ಗೆಳ್ಯಾ ಪ್ಲಾನ್ ಹಾಕಿದ್ನೇನ್ರಿ?" ಎಂದು ನಮ್ಮ ಮನೆಯಾಕೆ ಭಾನು ಏದುಸಿರುಬಿಟ್ಟಳು.

ನೀನು ತೀರಿಹೋಗಿ ಎರಡು ವರ್ಷವಾಯಿತು. ಆದರೂ ವೈನ್ ರುಚಿ ನೋಡಲು ಕುಳಿತಾಗ ಬಾಯಿತಪ್ಪಿ "ಮೂರು ಗ್ಲಾಸು" ಎಂದುಬಿಟ್ಟೆ. ಮೂರನೆಯವರು ಎಲ್ಲಿ ಎಂದು ತೋಟದ ಯಜಮಾನ ಕೇಳಿದ. ಷಿಕಾಗೋದಲ್ಲಿ ನೀನು ಪ್ರತಿ ಸಲ ತಡಮಾಡಿ ಹೇಳುತ್ತಿದ್ದ ಸಬೂಬನ್ನೇ ಹೇಳಿದೆ: "ಪಾರ್ಕಿಂಗ್ ಹುಡುಕ್ತಿದಾನೆ." ಪುಣ್ಯಾತ್ಮ ಅದನ್ನು ನಂಬಿ, ನಿನಗೆ ಜಾಗ ತೋರಿಸಲು ಗೇಟಿಗೇ ಹೋಗಿ ನಿಂತ!

"ಹೋಗ್ರಿ, ಕರ್ಕೊಂಡ್ ಬರ್ರಿ ಈಗ," ಎಂದು ಭಾನು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಷಿಕಾಗೋದ ಡೆವನ್ ಅವೆನ್ಯೂದ ಇಂಡಿಯನ್ ಹೋಟೆಲುಗಳಲ್ಲಿ ನಿನಗಾಗಿ ಹತ್ತು ನಿಮಿಷ ಕಾಯದೆ ಊಟ ಆರ್ಡರ್ ಮಾಡಿಬಿಡುತ್ತಿದ್ದ ನಾನು, ತೋಟದ ಆ ಮೇಜಿನಿಂದ ಅರ್ಧ ಗಂಟೆ ಏಳಲಿಲ್ಲ. ಆಮೇಲೆ ನಿನ್ನ ಗ್ಲಾಸನ್ನೂ ನಾನೇ ಮುಗಿಸಿದೆ.

ಲಾಭದ ಲೆಕ್ಕ ಇಷ್ಟು. ಯಜಮಾನನಿಗೆ, ನಿನ್ನ ಇಷ್ಟದ ರೀಸ್ಲಿಂಗ್ ವೈನ್ ಆರು ಬಾಟಲಿ ಮಾರಾಟ. ಭಾನುವಿಗೆ, ನಮ್ಮೂರು ನಾರ್ತ್‌ವಿಲ್‌ನ ಪಾರ್ಟಿಗಳಿಗೆಲ್ಲ ಸಾಲುವಂಥ ಕತೆ. ನನಗೆ ಎರಡು ಗ್ಲಾಸು. ನಿನಗೆ, ಬೈಯದೆ ಕಾದ ಅರ್ಧ ಗಂಟೆ.