ದೊರೆಸಾನಿಯ ಗೂಡಿಗೆ ಕೈ ಹಾಕುವ ಮೊದಲು

ಕುದಾಪುರ
16-11-2025

ಪ್ರೀತಿಯ ಶ್ರೀವಾಣಿ,

ನಾವೆಲ್ಲ ಇಲ್ಲಿ ಆರಾಮಾಗಿದ್ದೇವೆ. ನಿನ್ನ ಕೈಕಾಲಿಗೂ ಈಗ ಶಕ್ತಿ ಬಂದಿರಬಹುದು ಅಂದುಕೊಂಡು ಬರೆಯಲು ಕೂತಿದ್ದೇನೆ. ತಡವಾಯಿತು, ಬೈಯಬೇಡ. ಆಸ್ಪತ್ರೆಯಿಂದ ನೇರ ಮೊಳಕಾಲ್ಮೂರಿನ ತವರಿಗೆ ಹೊರಟಾಗ ನೀನು, "ಫೋನ್ ಮಾಡ್ಬೇಡಿ, ನಿಮ್ ದನಿ ಕೇಳಿದ್ರೆ ಅಳು ಬರ್ತೈತೆ. ಏನಾದ್ರೂ ಇದ್ರೆ ಬರ್ದು ಕಳ್ಸಿ" ಅಂದಿದ್ದೆ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ನಾನು ಪೆನ್ನು ಹಿಡಿದು ಇಷ್ಟುದ್ದ ಬರೆದವನೇ ಅಲ್ಲ. ಹಾಳೆ ಹರಿದು ಹರಿದು ಹಾಕಿದೆ. ನಾಳೆ ನಿನ್ನ ತಮ್ಮ ಸಾಯಿಕುಮಾರ್ ಮಾರಲು ಸೀರೆ ತಗೊಂಡು ಚಳ್ಳಕೆರೆಗೆ ಬರುತ್ತಾನಂತೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಬಸ್ಸು ಹತ್ತುವಾಗ ನೀನು ಇನ್ನೊಂದು ಮಾತು ಹೇಳಿದ್ದೆ. "ನನ್ ದೊರೆಸಾನಿನ ಯಾರಿಗೂ ಕೊಡ್ಬೇಡಿ. ನಾನ್ ಬಂದಾಗ ಅದು ಇರ್ಬೇಕು." ಬರುತ್ತೇನೆ ಅಂತ ನೀನು ಹೇಳಿದ್ದು ಅದೊಂದೇ ಸಲ. ಹಾಗಾಗಿ ಆ ಮೊಲ ಹೋದರೆ ನೀನೂ ಬರುವುದಿಲ್ಲ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೇ ಮೊದಲು ಇದನ್ನು ಓದು: ದೊರೆಸಾನಿ ಇದ್ದಾಳೆ. ದುಂಡಗೆ ಇದ್ದಾಳೆ.

ಆದರೆ ಉಳಿಸಿಕೊಂಡಿದ್ದು ಸುಲಭವಾಗಿ ಅಲ್ಲ. ನೀನು ಹೋದ ಮೇಲೆ ಅವಳು ಗೂಡಿಗೆ ಯಾರನ್ನೂ ಕೈ ಹಾಕಲು ಬಿಡಲಿಲ್ಲ. ಬಾಗಿಲು ತೆಗೆದರೆ ಸಾಕು, ಗುರ್ರ್ ಅಂದು ಮೇಲೆ ಬಿದ್ದು ಮುಂಗಾಲಲ್ಲಿ ಬಾರಿಸುವಳು. ನೀರಿನ ಬಟ್ಟಲು ಇಡಲು ಹೋದ ಅವ್ವನ ಕೈಗೆ ಹಲ್ಲು ಹಾಕಿದಳು. "ಇದು ಮೊಲನೋ ನಾಯಿನೋ! ನಿನ್ ಹೆಂಡ್ತಿ ಏನ್ ತಿನ್ಸಿ ಸಾಕವ್ಳೋ" ಅಂತ ಅವ್ವ ಕೂಗಾಡಿದಳು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಬೀಡಿ ಆರಿಸಿ, "ಲೇ ಗೋವರ್ಧನ, ನಮ್ ಹಿರೀಕ್ರು ಹುಲ್ಗಾವಲ್ನಾಗೆ ಮೊಲನ ಓಡ್ಸಿ ಹಿಡೀತಿದ್ರು. ನೀನು ಮೊಲದ ಕೈಲಿ ಓಡ್ಸ್ಕಂತೀಯಲ್ಲೋ" ಅಂದ. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ನಕ್ಕರು.

ಒಂದು ಸಲ ಮರಿ ಹಾಕಿದರೆ ತಣ್ಣಗಾಗುತ್ತಾಳೆ ಅಂತ ಅಪ್ಪನೇ ಉಪಾಯ ಹೇಳಿದ. ನಮ್ಮಲ್ಲಿ ಟಗರನ್ನು ತಾನೇ ಕುರಿಗಳ ಹಟ್ಟಿಗೆ ಬಿಡುವುದು? ಹಾಗೇ ನಮ್ಮ ಗಂಡು ಮೊಲ ಪಟೇಲನನ್ನು ಎತ್ತಿ ಅವಳ ಗೂಡಿಗೆ ಬಿಟ್ಟೆವು. ಅಯ್ಯೋ, ಏನು ಹೇಳಲಿ! ಹತ್ತಿ ಹಿಂಜಿದ ಹಾಗೆ ಕೂದಲು ಹಾರಿತು. ನಾನು ಕೈ ಹಾಕಿ ಬಿಡಿಸುವಷ್ಟರಲ್ಲಿ ಪಟೇಲನ ಕಿವಿ ಸೀಳಿ ರಕ್ತ ಸೋರುತ್ತಿತ್ತು. "ಟಗರು ಇಂಗೆ ಯಾವತ್ತೂ ಒದೆ ತಿಂದಿಲ್ಲ ಕಣೋ" ಅಂದು ಅಪ್ಪ ಅಲ್ಲಿಂದ ಎದ್ದೇ ಹೋದ.

ಪಟೇಲನನ್ನು ಬುಟ್ಟಿಯಲ್ಲಿಟ್ಟುಕೊಂಡು ಚಳ್ಳಕೆರೆಗೆ ದನದ ಡಾಕ್ಟರ್ ಹತ್ತಿರ ಹೋದೆ. ಆಯಮ್ಮ ಕಿವಿಗೆ ಔಷಧಿ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡು ನಕ್ಕರು. "ಏನಪ್ಪಾ, ನಿಮ್ಮನೆಗೆ ಯಾರಾದ್ರೂ ಹೇಳ್ದೆ ಕೇಳ್ದೆ ನುಗ್ಗಿದ್ರೆ ನೀನ್ ಸುಮ್ನಿರ್ತೀಯಾ? ಗೂಡು ಅದರ ಮನೆ. ಗಂಡನ್ನ ಅಲ್ಲಿಗೆ ಬಿಡಬಾರ್ದು, ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ಕೈ ಹಾಕೋದಾದ್ರೂ ಮೊದ್ಲು ಅದನ್ನ ಹೊರಗೆ ಬಿಟ್ಟು ಆಮೇಲೆ ಹಾಕು. ಹೊಡೀಬೇಡ. ಹೊಡೆದ್ರೆ ಇನ್ನೂ ಜಾಸ್ತಿ ಆಗುತ್ತೆ" ಅಂದರು.

ನನ್ನ ಕಾಲಿಗೆ ಚಕ್ರ ಐತೆ ಅಂತ ನೀನು ಅನ್ನುತ್ತಿದ್ದೆಯಲ್ಲ, ಅದು ಸುಳ್ಳೇನಲ್ಲ. ಬೋರ್‌ವೆಲ್ ಲಾರಿ ಕೆಲಸ ಬಿಟ್ಟೆ, ಟೆಂಪೋ ಬಿಟ್ಟೆ, ಇಲ್ಲಿನ ಸೈನ್ಸ್ ಕ್ಯಾಂಪಸ್ ಗೇಟಿನ ವಾಚ್‌ಮನ್ ಕೆಲಸವನ್ನೂ ಬಿಟ್ಟೆ. ಈ ಮೊಲದ ಮುಂದೆ ಮಾತ್ರ ಕುಕ್ಕರುಗಾಲಲ್ಲಿ ಕೂತೆ ನೋಡು, ಏಳಲಿಲ್ಲ. ಗೂಡಿನ ಬಾಗಿಲು ತೆಗೆದಿಟ್ಟು, ಎದುರಿಗೆ ಶೇಂಗಾ ಬಳ್ಳಿ ಇಟ್ಟು ಕಾಯುವುದು. ಅವಳೇ ಹೊರಗೆ ಬಂದು ತಿನ್ನುವಾಗ ಕಸ ತೆಗೆದು ನೀರು ಇಡುವುದು. ಕಾದು ನೋಡಿದಾಗ ಇನ್ನೊಂದು ತಿಳಿಯಿತು. ನಾನು ಮೊದಲು ಪಟೇಲನನ್ನು ಮುಟ್ಟಿ ಆಮೇಲೆ ಅವಳ ಹತ್ತಿರ ಹೋಗುತ್ತಿದ್ದೆ, ನನ್ನ ಕೈಯಲ್ಲಿ ಅವನ ವಾಸನೆ ಇರುತ್ತಿತ್ತು. ಈಗ ಅವಳ ಕೆಲಸ ಮೊದಲು, ಅವನದು ಆಮೇಲೆ. ಕೈ ಚಾಚಿದಾಗ ಗುರ್ ಅಂದರೂ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಮೇಲಿನಿಂದ ಮೆಲ್ಲಗೆ ತಲೆಯ ಮೇಲೆ ಇಟ್ಟು ಹಾಗೇ ಹಿಡಿದುಕೊಳ್ಳುತ್ತೇನೆ. ಆಗ ಅವಳಿಗೆ ಮುಂದೆ ನುಗ್ಗಲು ಆಗುವುದಿಲ್ಲ, ಸ್ವಲ್ಪ ಹೊತ್ತಿಗೆ ಅಲ್ಲೇ ಕೂರುತ್ತಾಳೆ. ಬಾರೇ ತಾಯಿ ಅಂತ ಕರೆದೆ, ನೀನು ಮಾಡುವ ಹಾಗೆ "ರಾವೇ ತಲ್ಲಿ" ಅಂತ ತೆಲುಗಿನಲ್ಲೂ ಕರೆದು ನೋಡಿದೆ. ಅವ್ವ ಬಾಗಿಲಲ್ಲಿ ನಿಂತು, "ನಂಗೊಂದ್ ದಿನ ಇಷ್ಟ್ ನಯವಾಗಿ ಕರ್ದಿಲ್ಲ ನೀನು" ಅಂದಳು.

ಅಷ್ಟಾದರೂ ಅವ್ವನ ಸಿಟ್ಟು ಇಳಿದಿರಲಿಲ್ಲ. ಹೈವೇ ಪಕ್ಕ ಹೋಟೆಲ್ ಇಟ್ಟಿರುವ ಜಯಣ್ಣನಿಗೆ ಹೇಳಿ ಕಳಿಸಿಯೇಬಿಟ್ಟಳು. ಅವನು ಗೋಣಿಚೀಲ ಹಿಡಿದುಕೊಂಡು ಬಂದ.

"ಜಯಣ್ಣ, ಅದು ಮಾರೋದಲ್ಲ" ಅಂದೆ.

"ನಿಮ್ಮವ್ವ ಕರ್ಸಿದ್ದು ಮಾರಾಯ. ಕಚ್ಚೋ ಮೊಲ ಸಾರಿಗೇ ಸೈ, ಕೊಡು ಅತ್ಲಾಗೆ" ಅಂದವನೇ ಗೂಡಿಗೆ ನೇರ ಕೈ ಹಾಕಿದ. ದೊರೆಸಾನಿ ಬಿಟ್ಟಾಳೆಯೇ? ಬೆರಳು ಹಿಡಿದುಕೊಂಡು ಅವನು ಕುಣಿದ ಕುಣಿತ ನೀನು ನೋಡಬೇಕಿತ್ತು. "ಬಡ್ದು ಸಾಯ್ಸು ಅದನ್ನ!" ಅಂತ ಅರಚಿದ.

ನಾನು ಅವನನ್ನು ಪಕ್ಕಕ್ಕೆ ಸರಿಸಿದೆ. ದೊರೆಸಾನಿಯ ತಲೆಯ ಮೇಲೆ ಕೈ ಇಟ್ಟು ಕಾದೆ. ಅವಳ ಉಸಿರು ನಿಧಾನ ಆದಮೇಲೆ ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿ ಎದೆಗೆ ಒತ್ತಿಕೊಂಡೆ. ಮೂತಿಯನ್ನು ನನ್ನ ಕಂಕುಳಲ್ಲಿ ತೂರಿಸಿ ಸುಮ್ಮನಾದಳು. ಇಡೀ ಬೀದಿ ನೋಡುತ್ತಿತ್ತು ಶ್ರೀವಾಣಿ. ಹತ್ತನೇ ಕ್ಲಾಸು ಪಾಸಾದ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಅವ್ವ ಬಂದು ನನ್ನ ಕೈಯನ್ನೂ ಮೊಲವನ್ನೂ ನೋಡಿದಳು. ಆಮೇಲೆ ಜಯಣ್ಣನ ಗೋಣಿಚೀಲ ಮಡಿಚಿ ಅವನ ಕಂಕುಳಿಗೆ ತುರುಕಿ, "ಹೋಗಪ್ಪ. ಇದು ನಮ್ ಸೊಸೇದು. ಆಕೀನ ಕೇಳ್ದೆ ಕೊಡಂಗಿಲ್ಲ" ಅಂದಳು. ಇಷ್ಟು ದಿನ ನಿನ್ನನ್ನು "ಮೊಳಕಾಲ್ಮೂರಿನೋಳು" ಅಂತ ಕರೆಯುತ್ತಿದ್ದವಳು ನಮ್ಮ ಸೊಸೆ ಅಂದಿದ್ದನ್ನು ನಾನು ಕಿವಿಯಾರೆ ಕೇಳಿದೆ.

ಮುಂದಿನದನ್ನು ಬರೆಯಬೇಕೋ ಬೇಡವೋ ಅಂತ ತುಂಬ ಯೋಚನೆ ಮಾಡಿದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಗೊತ್ತಾಗಲಿ. ಡಾಕ್ಟರಮ್ಮ ಹೇಳಿದ ಹಾಗೆ ಅವಳನ್ನೇ ಪಟೇಲನ ಗೂಡಿಗೆ ಒಯ್ದೆ. ಒಂದು ಜಗಳವೂ ಆಗಲಿಲ್ಲ. ಹೋದ ವಾರ ಮರಿ ಹಾಕಿದ್ದಾಳೆ. ಎದೆಯ ಕೂದಲು ತಾನೇ ಕಿತ್ತು ಹಾಸಿ, ಅದರೊಳಗೆ ಮುಚ್ಚಿಟ್ಟಿದ್ದಾಳೆ. ಎಲ್ಲ ಉಸಿರಾಡುತ್ತಿವೆ. ಅವುಗಳನ್ನು ನೋಡಲು ಅವಳು ಬಿಡುವುದು ನನ್ನೊಬ್ಬನನ್ನೇ, ಅದೂ ಅವಳನ್ನು ಹೊರಗೆ ಬಿಟ್ಟು ಸೊಪ್ಪು ಕೊಟ್ಟ ಮೇಲೆ. ಈಗ ಬೀದಿಯ ಹುಡುಗರು ನನ್ನನ್ನು "ಮೊಲದ ಡಾಕ್ಟ್ರು" ಅನ್ನುತ್ತಾರೆ. ಅನ್ನಲಿ, ನನಗೆ ಚೆನ್ನಾಗಿಯೇ ಕೇಳಿಸುತ್ತದೆ.

ಬೊಮ್ಮಣ್ಣ ಮಾವನಿಗೂ ಓಬಕ್ಕ ಅತ್ತೆಗೂ ನನ್ನ ನಮಸ್ಕಾರ ಹೇಳು. ಮಗ್ಗದ ಮುಂದೆ ಈಗಲೇ ಕೂರಬೇಡ, ಬೆನ್ನು ನೋಯುತ್ತದೆ. ಯಾವಾಗ ಬರುತ್ತೀಯ ಅಂತ ನಾನು ಕೇಳುವುದಿಲ್ಲ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ
ಗೋವರ್ಧನ

ವಿ.ಸೂ.: ಆವತ್ತು ಆಸ್ಪತ್ರೆಯಲ್ಲಿ ನಿನಗೆ ಇನ್ನೂ ಮಂಪರು ಇಳಿದಿರಲಿಲ್ಲ. ತಾಯಿಗೆ ತೋರಿಸುವುದು ಬೇಡ ಅಂತ ಹಿರಿಯರೆಲ್ಲ ಮಣ್ಣು ಮಾಡಲು ಅವಸರ ಮಾಡಿದರು. ಅದಕ್ಕೆ ಮೊದಲು ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ನಮ್ಮ ಮಗಳನ್ನು ಎತ್ತಿಕೊಂಡವನು ನಾನೊಬ್ಬನೇ. ಎಲ್ಲರೂ ನೀನು ಹೇಗಿದ್ದೀಯ ಅಂತ ಕೇಳುತ್ತಾರೆ. ಮಗು ಹೇಗಿತ್ತು ಅಂತ ನನ್ನನ್ನು ಯಾರೂ ಕೇಳಲಿಲ್ಲ. ತಲೆ ತುಂಬ ಕೂದಲಿತ್ತು. ಗದ್ದ ನಿನ್ನದೇ. ಕಿವಿ ಮಾತ್ರ ಅವ್ವನ ಕಿವಿ. ಇದನ್ನು ಅವ್ವನಿಗೂ ಇನ್ನೂ ಹೇಳಿಲ್ಲ.