ನಿನ್ನ ಟೋಪಿ ಮತ್ತು ಮಡುವಿನ ನೀರು

ಅಪ್ಪಾ,

ನೀನೆಲ್ಲಿದ್ದೀಯೋ ಗೊತ್ತಿಲ್ಲ, ಆದರೂ ಹೇಳುತ್ತಿದ್ದೇನೆ. ಇವತ್ತು ಪ್ಯಾನ್ಸಿ ದೊಡ್ಡಮ್ಮನನ್ನೂ ನನ್ನ ಮಗಳು ಜೋಲೀನಳನ್ನೂ ಕೂರಿಸಿಕೊಂಡು ಕಿಂಬರ್ಲಿಯ ನಮ್ಮ ಕಮರಿಗೆ ಹೋಗಿದ್ದೆ. ಜೋಲೀನ್ ಹುಟ್ಟಿದ್ದು ನೀನು ನಮ್ಮನ್ನು ಬಿಟ್ಟು ಹೊರಟುಹೋದಮೇಲೆ. ರಸ್ತೆ ಹಾಗೇ ಇದೆ. ಕೆಂಪು ಧೂಳು ಕಿವಿಯೊಳಗೂ ಹೊಕ್ಕಿದೆ.

ಮಡು ಕಂಡದ್ದೇ ಮಗಳು ಓಡಿದಳು. ದೊಡ್ಡಮ್ಮ ಜುಟ್ಟು ಹಿಡಿದು ನಿಲ್ಲಿಸಿದಳು.

"ಏ, ತಾತನ ಥರಾನೇ ದುಡುಕ್ತೀಯಲ್ಲೇ! ನೀನ್ಯಾರು ಅಂತ ನೀರಿಗೆ ಹೇಳ್ಬೇಡ್ವಾ?"

ಹಿಡಿ ಮರಳನ್ನು ಮಗುವಿನ ಕಂಕುಳಿಗೆ ಉಜ್ಜಿ ಮಡುವಿಗೆ ಎಸೆದಳು. ತೀರಿಹೋದಮೇಲೂ ಆ ನೀರಲ್ಲೇ ಇರುವ ನಮ್ಮ ಹಿರಿಯರನ್ನು ಕೂಗಿದಳು. "ಇವಳು ನಮ್ಮ ಹುಡುಗಿ. ಬೆವರು ಮೂಸಿ ನೋಡ್ಕೊಳ್ಳಿ, ಹೆದರಿಸಬೇಡಿ."

ನೀನೋ, ಅಮ್ಮನ ಮೂಲನಿವಾಸಿ ಜನರ ನಾಡಿಗೆ ಬಂದ ಬಿಳಿಯ, ಒಮ್ಮೆಯೂ ಕಾಯಲಿಲ್ಲ. ಬಂಡೆಯಿಂದ ನೇರ ಹಾರುತ್ತಿದ್ದೆ. "ನೀರಿಗೆ ಗುರುತಿಲ್ಲದವನು ಇಲ್ಲಿ ನಿಲ್ಲೋದಿಲ್ಲ" ಎಂದು ದೊಡ್ಡಮ್ಮ ಗೊಣಗುತ್ತಿದ್ದಳು. ನೀನು ಹೊರಟುಹೋದಾಗಲೂ ಅದನ್ನೇ ಅಂದಳು.

ನಾನು ನೀರಿಗಿಳಿಯುವಷ್ಟರಲ್ಲಿ ನನ್ನ ತಲೆಯ ಮೇಲಿನ ಟೋಪಿ ಕಿತ್ತುಕೊಂಡಳು. ನಿನ್ನದೇ ಟೋಪಿ. ಬೆವರಿನ ಕಲೆ ಇನ್ನೂ ಹೋಗಿಲ್ಲ.

"ಇದನ್ನ ಇನ್ನೂ ಇಟ್ಕೊಂಡಿದ್ದೀಯೇನೇ?"

"ಬಿಸಿಲಿಗೆ, ದೊಡ್ಡಮ್ಮ."

"ಹೂಂ, ಬಿಸಿಲಿಗಂತೆ!"

ಟೋಪಿಯ ಒಳಪಟ್ಟಿಗೆ ಮರಳು ಚೆನ್ನಾಗಿ ಉಜ್ಜಿ, ಆ ಮರಳನ್ನು ಮಡುವಿಗೆ ಎಸೆದಳು. "ಇದು ನಮ್ಮ ಲೀಯಾನಳ ಅಪ್ಪನದು. ಮರ್ಯಾದೆ ಗೊತ್ತಿಲ್ಲ ಅವನಿಗೆ, ಆದ್ರೂ ನಮ್ಮವನೇ. ಬಂದ್ರೆ ಒಳಗೆ ಬಿಟ್ಕೊಳ್ಳಿ."

ನಾನು ಮುಖ ತೊಳೆಯುವವಳಂತೆ ಬಗ್ಗಿದೆ.

ಬಿಸಿಲಿಳಿಯುವವರೆಗೂ ಜೋಲೀನ್ ನಿನ್ನ ಬಂಡೆಯಿಂದಲೇ ಹಾರಿದಳು. ನೀರಿಗೂ ಈಗ ನಿನ್ನ ಗುರುತಿದೆ, ಅಪ್ಪಾ. ನಿನ್ನ ಮೊಮ್ಮಗಳಿಗೇ ಇಲ್ಲ.

ಲೀಯಾನ್