ತಳದಿಂದ ತಿಳಿಯಾಗುವ ನೀರು

ಮಾರ್ಚ್ ೧೪

ಪ್ರೀತಿಯ ತಂಗಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕುಳಿತೆ. ಮುನಿಸಿಕೋ, ಆದರೆ ಇದನ್ನು ಓದಿ ಮುಗಿಸಿದ ಮೇಲೆ. ಮಂಡಿ ನೋವು ಹೇಗಿದೆ? ಮಗಳಿಗೆ ಹೊಸ ಕೆಲಸ ಒಗ್ಗಿತೇ?

ನಿನ್ನ ಭಾವ ರಿಟೈರ್ ಆದಮೇಲೆ ಸಂಜೆಯಾದರೆ ಇಸ್ತ್ರಿ ಅಂಗಿ ತೊಟ್ಟು ಮಹಡಿ ಮನೆಗೆ ಹೋಗುತ್ತಾರೆ. ಬಸ್ಸು ಓಡಿಸುವಾಗಲೂ ಇಷ್ಟು ನೀಟಾಗಿರಲಿಲ್ಲ. ಅಲ್ಲಿ ಟೈಲರಮ್ಮ ಇದ್ದಾಳೆ. ನಲ್ಲಿ ನೀರಿಗೆ ಬುದ್ಧಿ ಮಂಕಾಗಿಸುವ ಪುಡಿ ಬೆರೆಸುತ್ತಾರೆ ಎಂಬುದು ಅವಳ ಸಂಶೋಧನೆ. ಸಾಕ್ಷಿ, ಬೆಳಿಗ್ಗೆ ನೀರು ಹಾಲಿನ ಹಾಗೆ ಬರುವುದು.

ನೀರಿನ ಪ್ಲಾಂಟಲ್ಲಿ ಊರಿನ ನೀರನ್ನು ಪರೀಕ್ಷೆ ಮಾಡುವವಳು ನಾನು! ಗಾಜಿನ ಲೋಟ ಹಿಡಿದು ಇವರಿಗೆ ತೋರಿಸಿದೆ. "ನೋಡಿ, ತಳದಿಂದ ಮೇಲಕ್ಕೆ ತಿಳಿಯಾಗ್ತಿದೆ. ಪುಡಿ ಆಗಿದ್ರೆ ತಳದಲ್ಲಿ ಕೂರ್ತಿತ್ತು. ಇದು ಪೈಪಿನ ಗಾಳಿ."

"ಹಾಗಂತ ನಿಮಗೆಲ್ಲ ಅಲ್ಲಿ ಹೇಳ್ಕೊಟ್ಟಿರ್ತಾರೆ" ಅಂದರು.

"ನಮ್ಮ ಸೂಪರ್‌ವೈಸರ್ ವಿಗ್ ಹಾಕೋ ಗುಟ್ಟೇ ಊಟದ ಹೊತ್ತಿನವರೆಗೆ ನಿಲ್ಲಲಿಲ್ಲ. ಇಷ್ಟು ದೊಡ್ಡದು ನಿಲ್ಲುತ್ತಾ? ಆ ನೀರನ್ನ ನಾವೂ ಕುಡೀತೀವಲ್ಲ?"

"ಅದಕ್ಕೇ ನೀನು ಹೀಗೆ ಮಾತಾಡೋದು!"

ಇದರಿಂದ ಟೈಲರಮ್ಮನಿಗೇನು ಲಾಭ ಎಂದು ಯೋಚಿಸಿದೆ. ಫಿಲ್ಟರ್ ಮಾರುತ್ತಾಳೇನೋ ಎಂದುಕೊಂಡೆ, ಏನೂ ಮಾರುವುದಿಲ್ಲ. ಒಂದು ಸಂಜೆ ಬಟ್ಟೆ ತೆಗೆಯುವ ನೆಪದಲ್ಲಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. "ನೀವು ಊರೆಲ್ಲ ಸುತ್ತಿದೋರು. ನಿಮಗೆ ಹೊಳೆಯುತ್ತೆ, ಎಲ್ಲರಿಗೂ ಹೊಳೆಯಲ್ಲ" ಅನ್ನುತ್ತಿದ್ದಳು. ಇವರು ನಕ್ಕರು, ಮದುವೆಯ ಹೊಸದರಲ್ಲಿ ನಗುತ್ತಿದ್ದ ಹಾಗೆ. ಇಬ್ಬರಿಗೂ ಸಿಗುವ ಲಾಭ ಅಷ್ಟೇ. ನಾನು ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ, ಆದರೆ 'ನಿಮಗೆ ಹೊಳೆಯುತ್ತೆ' ಎಂಬ ಆ ಒಂದು ಮಾತನ್ನು ಎಂದೂ ಹೇಳಲಿಲ್ಲ ಕಣೇ. ನನ್ನ ಬಾಯಲ್ಲಿ ಬರುವುದು, "ಗ್ಯಾಸ್ ಆಫ್ ಮಾಡಿದ್ರಾ?"

ಇರಲಿ. ನಿನ್ನ ನೋವು ಬೇಗ ಇಳಿಯಲಿ, ಮಗಳು ನೆಮ್ಮದಿಯಾಗಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ನಾಚಿಕೆಯಾಯಿತು. ನಿನ್ನೆ ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಯಿ ಜಾರಿತು. "ನಮ್ಮ ಪ್ಲಾಂಟಲ್ಲಿ ಒಂದು ವಿಷಯ ಇದೆ. ಟೈಲರಮ್ಮನಿಗೂ ಹೇಳ್ಬೇಡಿ" ಅಂದೆ. ಚಪ್ಪಲಿ ಅಲ್ಲೇ ಬಿಟ್ಟು ಬಂದು ಪಕ್ಕದಲ್ಲಿ ಕುಳಿತರು. "ಹೇಳೇ, ನಿನ್ನಷ್ಟು ಗೊತ್ತಿರೋರು ಯಾರಿದ್ದಾರೆ?" ಎಂದು ಕೈ ಹಿಡಿದುಕೊಂಡರು. ಏನೋ ಒಂದು ಕಟ್ಟಿ ಹೇಳಿದೆ. ಇವತ್ತು ಮೇಲೆ ಹೋಗಿಲ್ಲ. ಅದೇ ಇಸ್ತ್ರಿ ಅಂಗಿ ತೊಟ್ಟು ನನ್ನೆದುರು ಕಾಯುತ್ತಿದ್ದಾರೆ. ಇವತ್ತು ಏನು ಹೇಳಲೇ?